ಮೊದಲು ನೀರು ನೋಡಿ, ಆಮೇಲೆ ಹೆಸರು ಕೊಡಿ: ಟ್ರಯಥ್ಲಾನ್ ಆರಿಸುವ ಲೆಕ್ಕ

ನನ್ನ ಅಕ್ಕನ ಮಗ ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುತ್ತಾನೆ. ಹೋದ ತಿಂಗಳು ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ಮೌಶಿ, ಗೋವಾದ ಐರನ್‌ಮ್ಯಾನ್‌ಗೆ ಹೆಸರು ಕೊಡ್ಲೇನು? ನಮ್ಮ ಆಫೀಸಿನ್ಯಾಗ ಮೂರು ಮಂದಿ ಕೊಟ್ಟಾರ." ಐರನ್‌ಮ್ಯಾನ್ ಅಂದರೆ ಈಜು, ಸೈಕಲ್, ಓಟ ಮೂರೂ ಇರುವ ಉದ್ದದ ರೇಸ್. ನಾನು ಒಂದೇ ಮಾತು ಕೇಳಿದೆ. "ಸಮುದ್ರದಾಗ ಎಷ್ಟು ಸರ್ತಿ ಈಜೀಯೋ?" ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಸೊಸೈಟಿ ಪೂಲಿನ್ಯಾಗ ದಿನಾ ಈಜ್ತೀನಿ" ಅಂದ.

ನಮ್ಮೂರು ಧಾರವಾಡ. ಮದುವೆಯಾದ ಮೇಲೆ ಗೋವಾದ ವಾಸ್ಕೋದಲ್ಲಿದ್ದೇನೆ. ಇಲ್ಲಿ ಕನ್ನಡದವರು ತುಂಬಾ ಜನ ಇದ್ದಾರೆ. ಮಳೆಗಾಲ ಬಂತೆಂದರೆ ಪುಣೆ, ಡೊಂಬಿವಲಿ, ಹುಬ್ಬಳ್ಳಿ, ಬೆಳಗಾವಿಯಿಂದ ಇಂಥ ಫೋನ್‌ಗಳು ಶುರುವಾಗುತ್ತವೆ. ಯಾವ ರೇಸಿಗೆ ಹೋಗಬೇಕು, ಯಾವುದಕ್ಕೆ ಬೇಡ? ಹೆಚ್ಚಿನವರು ಹೆಸರು ನೋಡಿ, ಮೆಡಲ್ ನೋಡಿ, ಗೆಳೆಯರನ್ನು ನೋಡಿ ತೀರ್ಮಾನ ಮಾಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ನೀರು. ಎರಡನೆಯದು ಗಡಿಯಾರ. ಆಮೇಲೆ ರೇಸ್ ನಡೆಸುವವರು ಯಾರು ಅನ್ನೋದು. ಉಳಿದದ್ದೆಲ್ಲ ಇವುಗಳ ಹಿಂದೆ.

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ, ಒಂದರ ಹಿಂದೆ ಒಂದು. ನಡುವೆ ಬಟ್ಟೆ ಬದಲಿಸಿ ಶೂ ಹಾಕುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಸ್ಪ್ರಿಂಟ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಅದರ ಎರಡು ಪಟ್ಟು: 1.5, 40, 10. ಇದು 2000ದ ಸಿಡ್ನಿಯಲ್ಲಿ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂತು. 70.3 ಅನ್ನುವ ಸಂಖ್ಯೆ ನೋಡಿ ಜನ ಗೊಂದಲಪಡುತ್ತಾರೆ. ಅದು ಮೂರೂ ದೂರ ಕೂಡಿಸಿದ ಮೈಲಿಯ ಲೆಕ್ಕ. ನಮ್ಮ ಅಳತೆಯಲ್ಲಿ 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಪೂರ್ತಿ ಐರನ್‌ಮ್ಯಾನ್ ಇದರ ಎರಡರಷ್ಟು. ಅದು 1978ರಲ್ಲಿ ಹವಾಯಿಯಲ್ಲಿ ಶುರುವಾಯಿತು. ಆ ವರ್ಷ ಹೊರಟವರು 15 ಜನ, ಮುಗಿಸಿದವರು 12. ಈಗ ಐರನ್‌ಮ್ಯಾನ್ ಅನ್ನುವುದು ಒಂದು ಕಂಪನಿಯ ಬ್ರ್ಯಾಂಡ್. ಗೋವಾದಲ್ಲಿ ನಡೆಯುವುದು 70.3, ಅಂದರೆ ಅರ್ಧ. ಇದು ಗೊತ್ತಿಲ್ಲದೆ ಹೆಸರು ಕೊಟ್ಟವರನ್ನೂ ನೋಡಿದ್ದೇನೆ.

ನೀರು

ಮೂರರಲ್ಲಿ ಈಜು ಅತಿ ಚಿಕ್ಕದು. 70.3ರಲ್ಲಿ ಏಳೆಂಟು ಗಂಟೆ ಹೋದರೆ ಅದರಲ್ಲಿ ಈಜಿಗೆ ಒಂದು ಗಂಟೆ. ಹಾಗಾಗಿ ತಯಾರಿಯಲ್ಲೂ ಅದಕ್ಕೆ ಕಡೆಯ ಜಾಗ. ಆದರೆ ಅಪಾಯ ಇರುವುದು ಅಲ್ಲೇ ಜಾಸ್ತಿ. ಅಮೆರಿಕದ ವೈದ್ಯರ ತಂಡವೊಂದು 1985ರಿಂದ 2016ರವರೆಗೆ ಅಲ್ಲಿನ ಟ್ರಯಥ್ಲಾನ್‌ಗಳಲ್ಲಿ ಆದ ಸಾವುಗಳನ್ನು, ಹೃದಯ ನಿಂತು ಮತ್ತೆ ಬದುಕಿದವರನ್ನು ಸೇರಿಸಿ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿತು. ಒಟ್ಟು 135. ಅದರಲ್ಲಿ 90 ಆದದ್ದು ಈಜಿನಲ್ಲಿ. ಸೈಕಲ್ ಮೇಲೆ 22, ಓಟದಲ್ಲಿ 15, ಉಳಿದವು ರೇಸ್ ಮುಗಿದ ಮೇಲೆ. ನೂರಕ್ಕೆ 85 ಮಂದಿ ಗಂಡಸರು, ಸರಾಸರಿ ವಯಸ್ಸು 47ರ ಹತ್ತಿರ. ಶವಪರೀಕ್ಷೆ ಆದವರಲ್ಲಿ ಹತ್ತಿರತ್ತಿರ ಅರ್ಧದಷ್ಟು ಜನರಿಗೆ ಹೃದಯದ ತೊಂದರೆ ಇದ್ದದ್ದು ಕಂಡುಬಂತು. ಒಂದು ಲಕ್ಷ ಮಂದಿ ಇಳಿದರೆ ಇಂಥದ್ದು ಎರಡಕ್ಕಿಂತ ಕಡಿಮೆ. ಹಾಗಾಗಿ ಹೆದರಿ ಮನೆಯಲ್ಲಿ ಕೂರುವ ವಿಷಯ ಇದಲ್ಲ. ಆದರೆ ನಲವತ್ತು ದಾಟಿದವರು ಹೆಸರು ಕೊಡುವ ಮೊದಲು ಡಾಕ್ಟರ್ ಹತ್ತಿರ ಹೋಗಿ ಹೃದಯ ತೋರಿಸಿಕೊಳ್ಳಿ. ಇದನ್ನು ನಾನು ಪ್ರತಿ ಫೋನಿನಲ್ಲೂ ಹೇಳುತ್ತೇನೆ.

ಓಡುವಾಗ ಸುಸ್ತಾದರೆ ನಿಲ್ಲಬಹುದು. ಸೈಕಲ್ಲಿನಿಂದ ಇಳಿದು ಕಟ್ಟೆ ಮೇಲೆ ಕೂರಬಹುದು. ನೀರಿನಲ್ಲಿ ಹಾಗಲ್ಲ. ಕಾಲಿಗೆ ನೆಲ ಸಿಗುವುದಿಲ್ಲ, ಉಸಿರು ಬೇಕಾದಾಗ ಅಲೆ ಬರುತ್ತದೆ, ಪಕ್ಕದವರ ಕಾಲು ಮುಖಕ್ಕೆ ಬಡಿಯುತ್ತದೆ. ದಿಗಿಲು ಶುರುವಾಯಿತೆಂದರೆ ಪೂಲಿನಲ್ಲಿ ಕಲಿತದ್ದು ಅರ್ಧಕ್ಕರ್ಧ ಮರೆತುಹೋಗುತ್ತದೆ. ಗೋವಾದ ರೇಸಿನ ಈಜು ನಡೆಯುವ ಪಣಜಿಯ ಮಿರಾಮಾರ್ ಬೀಚಿನಲ್ಲಿ ನಾನು ಮೊದಲ ಸಲ ಇಳಿದಾಗ ನೀರಿನೊಳಗೆ ನನ್ನ ಕೈ ನನಗೇ ಕಾಣಲಿಲ್ಲ. ಪೂಲಿನ ತಳದಲ್ಲಿ ನೀಲಿ ಗೆರೆ ಇರುತ್ತದೆ, ಅದನ್ನು ನೋಡುತ್ತಾ ಹೋಗುತ್ತೇವೆ, ಅಲ್ವಾ? ಇಲ್ಲಿ ಬರೀ ಕಂದು. ನೂರು ಮೀಟರ್‌ಗೆ ಎದೆ ಡವಡವ ಅಂದು ವಾಪಸ್ ಬಂದೆ. ಆ ಹೊತ್ತಿಗೆ ನಾನು ಪೂಲಿನಲ್ಲಿ ಎರಡು ಕಿ.ಮೀ. ಈಜುತ್ತಿದ್ದೆ.

ಮಿರಾಮಾರ್‌ನ ನೀರು ಯಾಕೆ ಹಾಗೆ? ಮಾಂಡೋವಿ ಹೊಳೆ ಸಮುದ್ರಕ್ಕೆ ಸೇರುವ ಜಾಗ ಅದು. ಮಳೆಗಾಲದಲ್ಲಿ ಘಟ್ಟದಿಂದ ಬಂದ ಮಣ್ಣೆಲ್ಲ ಅಲ್ಲಿಗೇ ಬರುತ್ತದೆ. ಹೊಳೆಯ ಬಾಯಿಯಾದ್ದರಿಂದ ಉಬ್ಬರ ಇಳಿತಕ್ಕೆ ನೀರು ಎಳೆಯುತ್ತದೆ. ಇಳಿತದ ಹೊತ್ತಿಗೆ ಈಜಿದರೆ ಮೈ ತಾನಾಗಿ ಹೊರಗೆ ಸರಿಯುತ್ತದೆ. ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಗುರುತಿನ ಕಡೆಗೆ ನೆಟ್ಟಗೆ ಹೋಗುತ್ತಿದ್ದೇನೆ ಅಂದುಕೊಂಡರೂ ವಾರೆಯಾಗಿ ಹೋಗಿರುತ್ತೀರಿ. 1,900 ಮೀಟರ್ ಈಜಬೇಕಾದವರು 2,050 ಈಜಿರುತ್ತಾರೆ.

ತಿಂಗಳು ಕೂಡ ನೋಡಬೇಕು. ಗೋವಾದ 70.3 ಮೊದಲು ನಡೆದದ್ದು 2019ರ ಅಕ್ಟೋಬರ್ 20ರಂದು. ಕೊರೋನಾ ಕಾರಣಕ್ಕೆ ಎರಡು ವರ್ಷ ನಿಂತು 2022ರಲ್ಲಿ ನವೆಂಬರ್ 13ಕ್ಕೆ ಆಯಿತು. 2023ರಲ್ಲಿ ಅಕ್ಟೋಬರ್ 8, 2024ರಲ್ಲಿ ಅಕ್ಟೋಬರ್ 27. ಹೆಸರು ಒಂದೇ, ಜಾಗ ಒಂದೇ. ಆದರೆ ಅಕ್ಟೋಬರ್ ಮೊದಲ ವಾರದ ಸಮುದ್ರ ಬೇರೆ, ನವೆಂಬರ್ ನಡುವಿನ ಸಮುದ್ರ ಬೇರೆ. ಮಳೆ ಇಲ್ಲಿಂದ ಹಿಂದೆ ಸರಿಯುವುದೇ ಅಕ್ಟೋಬರಿನಲ್ಲಿ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. 2019ರ ರೇಸ್ ಮುಗಿದು ಒಂದು ವಾರದೊಳಗೆ ಕ್ಯಾರ್ ಚಂಡಮಾರುತ ಎದ್ದಿತ್ತು. ಜೆಲ್ಲಿ ಮೀನುಗಳು ದಂಡೆಗೆ ಬರುವುದೂ ಈ ದಿನಗಳಲ್ಲೇ. ಸಮುದ್ರ ಕೆಟ್ಟಿದ್ದರೆ ನಡೆಸುವವರು ಈಜನ್ನು ಕಡಿಮೆ ಮಾಡಬಹುದು, ಪೂರ್ತಿ ರದ್ದೂ ಮಾಡಬಹುದು. ಹಾಗಾದಾಗ ಬೈಯಬೇಡಿ. ರದ್ದು ಮಾಡುವ ಧೈರ್ಯ ಇರುವವರ ರೇಸಿಗೇ ಹೋಗಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಹೊಸಬರು ಮೋಸ ಹೋಗುತ್ತಾರೆ. ಯೂಟ್ಯೂಬಿನಲ್ಲಿ ಯುರೋಪಿನ ರೇಸ್ ನೋಡಿದರೆ ಎಲ್ಲರೂ ಕಪ್ಪು ರಬ್ಬರಿನ ವೆಟ್‌ಸೂಟ್ ಹಾಕಿರುತ್ತಾರೆ. ಅದು ಚಳಿ ತಡೆಯುವುದರ ಜೊತೆಗೆ ಮೈಯನ್ನು ತೇಲಿಸುತ್ತದೆ, ಕಾಲು ಮುಳುಗುವುದಿಲ್ಲ. ಐರನ್‌ಮ್ಯಾನ್ ನಿಯಮದಲ್ಲಿ ನೀರು 24.5 ಡಿಗ್ರಿ ದಾಟಿದರೆ ವೆಟ್‌ಸೂಟ್ ಹಾಕಿದವರಿಗೆ ಬಹುಮಾನ ಇಲ್ಲ, 28.8 ದಾಟಿದರೆ ಹಾಕುವಂತೆಯೇ ಇಲ್ಲ. ಆ ತಿಂಗಳುಗಳಲ್ಲಿ ಗೋವಾದ ಸಮುದ್ರ 28ರಿಂದ 30 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಅಂದರೆ ನಿಮ್ಮ ಮೈಯನ್ನು ನೀವೇ ತೇಲಿಸಿಕೊಳ್ಳಬೇಕು. ಯುರೋಪಿನಲ್ಲಿ ವೆಟ್‌ಸೂಟ್ ಹಾಕಿ ಮುಗಿಸಿದವರ ಸಮಯ ನೋಡಿ ನಿಮ್ಮದನ್ನು ಅಂದಾಜು ಮಾಡಬೇಡಿ.

ಹಾಗಾದರೆ ಮೊದಲ ರೇಸ್ ಎಲ್ಲಿ? ನನ್ನನ್ನು ಕೇಳಿದರೆ ಕೆರೆ ಅಥವಾ ಪೂಲಿನಲ್ಲಿ ಈಜು ಇರುವ ಸ್ಪ್ರಿಂಟ್. ಕೆರೆಯಲ್ಲಿ ಎಳೆತ ಇಲ್ಲ, ಉಪ್ಪು ಇಲ್ಲ, ದಂಡೆ ಕಣ್ಣಿಗೆ ಕಾಣುತ್ತಿರುತ್ತದೆ. ಕೊಲ್ಹಾಪುರದ ಬರ್ಗ್‌ಮ್ಯಾನ್ ಟ್ರಯಥ್ಲಾನ್‌ನಲ್ಲಿ ಈಜು ರಾಜಾರಾಮ್ ಕೆರೆಯಲ್ಲಿ. ಪುಣೆಯವರಿಗೂ ಬೆಳಗಾವಿಯವರಿಗೂ ಅದು ಹತ್ತಿರ. ಸಮುದ್ರದ ರುಚಿ ನೋಡಬೇಕು ಅಂದರೆ ಟ್ರಯಥ್ಲಾನ್‌ಗೇ ಹೋಗಬೇಕೆಂದಿಲ್ಲ. ಮಾಲ್ವಣದ ಚಿವಳಾ ಬೀಚಿನಲ್ಲಿ ಡಿಸೆಂಬರಿನಲ್ಲಿ ಸಮುದ್ರ ಈಜು ಸ್ಪರ್ಧೆ ನಡೆಯುತ್ತದೆ. ಬೇರೆ ಬೇರೆ ದೂರ ಇರುತ್ತವೆ. ಅಲ್ಲಿ ಬರೀ ಈಜಿ ದಂಡೆಗೆ ಬನ್ನಿ. ಸೈಕಲ್ ಚಿಂತೆ ಇಲ್ಲದಾಗ ಸಮುದ್ರ ಸರಿಯಾಗಿ ಅರ್ಥವಾಗುತ್ತದೆ.

ಗಡಿಯಾರ

ಗೋವಾದ 70.3ರಲ್ಲಿ ಮೂರು ಗಡುವು. ಈಜು 1 ಗಂಟೆ 10 ನಿಮಿಷದಲ್ಲಿ ಮುಗಿಯಬೇಕು. ಸೈಕಲ್ ಮುಗಿಸುವ ಹೊತ್ತಿಗೆ ಹೊರಟಾಗಿನಿಂದ 5 ಗಂಟೆ 30 ನಿಮಿಷ ದಾಟಿರಬಾರದು. ಎಲ್ಲ ಮುಗಿಯುವ ಹೊತ್ತಿಗೆ 8 ಗಂಟೆ 30 ನಿಮಿಷ. ಆಯಾ ವರ್ಷದ ಸೂಚನೆಯಲ್ಲಿ ಇದನ್ನು ಒಮ್ಮೆ ನೋಡಿಕೊಳ್ಳಿ. ಎಂಟೂವರೆ ಗಂಟೆ ಅಂದಾಗ ತುಂಬಾ ಹೊತ್ತು ಅನಿಸುತ್ತದೆ. ಅಕ್ಕನ ಮಗನ ಅಂಕಿ ಹಾಕಿ ನೋಡೋಣ.

ಅವನು ಪೂಲಿನಲ್ಲಿ 100 ಮೀಟರ್‌ಗೆ 2 ನಿಮಿಷ 50 ಸೆಕೆಂಡು ತೆಗೆದುಕೊಳ್ಳುತ್ತಾನೆ. ಪೂಲಿನಲ್ಲಿ ಪ್ರತಿ ಸಲ ಗೋಡೆ ಒದ್ದು ತಿರುಗುವುದರಿಂದ ಸ್ವಲ್ಪ ಲಾಭ ಸಿಗುತ್ತದೆ. ಸಮುದ್ರದಲ್ಲಿ ಗೋಡೆ ಇಲ್ಲ, ನಡುನಡುವೆ ತಲೆ ಎತ್ತಿ ಗುರುತು ಹುಡುಕಬೇಕು. 3 ನಿಮಿಷ 15 ಸೆಕೆಂಡು ಹಿಡಿಯೋಣ. ವಾರೆಯಾಗಿ ಹೋದದ್ದೂ ಸೇರಿ 2,050 ಮೀಟರ್. ಸುಮಾರು 67 ನಿಮಿಷ. ಗಡುವಿಗೆ ಮೂರೇ ನಿಮಿಷ ಬಾಕಿ. ಮರಳಿನಲ್ಲಿ ಓಡಿ, ಕಾಲು ಒರೆಸಿ, ಹೆಲ್ಮೆಟ್ ಹಾಕಿ ಸೈಕಲ್ ತಳ್ಳಿಕೊಂಡು ಹೊರಡಲು ಹತ್ತು ನಿಮಿಷ. ಈಗ 1 ಗಂಟೆ 17 ನಿಮಿಷ.

ಸೈಕಲ್ ಮೇಲೆ ಅವನ ವೇಗ ಗಂಟೆಗೆ 24 ಕಿ.ಮೀ. ಆದರೆ ಅದು 40 ಕಿ.ಮೀ. ದೂರಕ್ಕೆ, ಪುಣೆಯ ತಂಪು ಬೆಳಿಗ್ಗೆ. ಅವನು 90 ಒಮ್ಮೆಯೂ ತುಳಿದಿಲ್ಲ. ಗೋವಾದಲ್ಲಿ ರಸ್ತೆ ಏರಿಳಿತ, ಸಮುದ್ರದ ಗಾಳಿ ಬೇರೆ. 22 ಹಿಡಿದರೆ 4 ಗಂಟೆ 5 ನಿಮಿಷ. ಒಟ್ಟು 5 ಗಂಟೆ 22 ನಿಮಿಷ. ಶೂ ಬದಲಿಸಲು 8 ನಿಮಿಷ, ಸರಿಯಾಗಿ ಐದೂವರೆ. ಬೆಳಿಗ್ಗೆ ಏಳಕ್ಕೆ ನೀರಿಗೆ ಇಳಿದಿದ್ದರೆ ಈಗ ಮಧ್ಯಾಹ್ನ ಹನ್ನೆರಡೂವರೆ. ನೆತ್ತಿಯ ಮೇಲೆ ಬಿಸಿಲು. ಇನ್ನು 21.1 ಕಿ.ಮೀ. ಓಡಬೇಕು. ಜನವರಿಯಲ್ಲಿ ಮುಂಬೈನ ಹಾಫ್ ಮ್ಯಾರಥಾನ್ ಅವನು 2 ಗಂಟೆ 25 ನಿಮಿಷಕ್ಕೆ ಮುಗಿಸಿದ್ದ, ಅದೂ ಬೆಳಗಿನ ಜಾವದಲ್ಲಿ, ತಾಜಾ ಕಾಲಲ್ಲಿ. ಇಲ್ಲಿ ಮೂರು ಗಂಟೆ ಹಿಡಿದರೂ ಅದು ಒಳ್ಳೆಯ ಓಟವೇ. ಕೂಡಿಸಿ: ಎಂಟೂವರೆ ಗಂಟೆ, ಒಂದು ನಿಮಿಷವೂ ಉಳಿಯುವುದಿಲ್ಲ.

ಒಂದು ಪಂಕ್ಚರ್ ಆದರೆ ಮುಗಿಯಿತು. ವಾಂತಿ ಬಂದು ಹತ್ತು ನಿಮಿಷ ಕೂತರೂ ಮುಗಿಯಿತು.

ಇದು ಅವನನ್ನು ಹೆದರಿಸಲು ಮಾಡಿದ ಲೆಕ್ಕ ಅಲ್ಲ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಇದೇ ರೇಸನ್ನು 8 ಗಂಟೆ 27 ನಿಮಿಷ 32 ಸೆಕೆಂಡಿಗೆ ಮುಗಿಸಿದರು. ಎರಡೂವರೆ ನಿಮಿಷ ಉಳಿದಿತ್ತು. ಅದಕ್ಕೂ ಮೊದಲು 2022ರಲ್ಲಿ ಅವರು ಅದೇ ರೇಸಿನ ರಿಲೇಯಲ್ಲಿ 90 ಕಿ.ಮೀ. ಸೈಕಲ್ ಮಾತ್ರ ತುಳಿದಿದ್ದರು. ಮೊದಲು ಒಂದು ಭಾಗ, ಎರಡು ವರ್ಷ ಬಿಟ್ಟು ಪೂರ್ತಿ. ಈ ದಾರಿ ನನಗೆ ತುಂಬಾ ಇಷ್ಟ. ರಿಲೇ ಅಂದರೆ ಒಬ್ಬರು ಈಜಿ, ಇನ್ನೊಬ್ಬರು ತುಳಿದು, ಮತ್ತೊಬ್ಬರು ಓಡುವುದು. ಅದನ್ನು ಕೀಳಾಗಿ ನೋಡುವವರಿದ್ದಾರೆ. ಹಾಗೆ ನೋಡಬಾರದು. ರಸ್ತೆ, ಬಿಸಿಲು, ಜನ ಎಲ್ಲವನ್ನೂ ಮೈಗೆ ಪರಿಚಯ ಮಾಡಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಾನು ಇಟ್ಟುಕೊಂಡಿರುವ ಅಳತೆ ಇದು: ಎಲ್ಲವನ್ನೂ ನಿಧಾನದ ಅಂಕಿಯಲ್ಲಿ ಹಾಕಿ ಲೆಕ್ಕ ಮಾಡಿದ ಮೇಲೂ ಮುಕ್ಕಾಲು ಗಂಟೆ ಉಳಿಯಬೇಕು. ಉಳಿಯದಿದ್ದರೆ ಆ ರೇಸ್ ಈ ವರ್ಷಕ್ಕಲ್ಲ.

ಬಿಸಿಲಿನ ಮಾತು ಬಂತು. ಇಲ್ಲಿ ಮುಂಬೈನವರಿಗೂ ಪುಣೆಯವರಿಗೂ ವ್ಯತ್ಯಾಸ ಇದೆ. ಮುಂಬೈನವರು ವರ್ಷವಿಡೀ ಸೆಕೆಯಲ್ಲೇ ಇರುತ್ತಾರೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಅದು ಅವರ ಮೈಗೆ ಗೊತ್ತು. ಪುಣೆ 560 ಮೀಟರ್ ಎತ್ತರದಲ್ಲಿದೆ, ಅಕ್ಟೋಬರ್ ಬೆಳಿಗ್ಗೆ ಹಿತವಾಗಿರುತ್ತದೆ. ಅಲ್ಲಿ ಬೋಪದೇವ ಘಾಟ್ ಸಲೀಸಾಗಿ ಹತ್ತುವವರು ಇಲ್ಲಿ ಹತ್ತು ಕಿ.ಮೀ. ಓಡುವಷ್ಟರಲ್ಲಿ ಬಸವಳಿದು ಕೂತದ್ದನ್ನು ಕಂಡಿದ್ದೇನೆ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಶುಕ್ರವಾರ ರಾತ್ರಿ ಬಸ್ಸಿಗೆ ಹತ್ತಿ ಭಾನುವಾರ ಓಡಿದರೆ ಅದು ಒಗ್ಗುವುದಿಲ್ಲ. ಎರಡು ವಾರ ಮೊದಲೇ ಬಂದು ಇರಲು ರಜೆ ಸಿಗದವರು ಕೊನೆಯ ಎರಡು ವಾರ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸ್ವಲ್ಪ ಓಡಿ ಅಭ್ಯಾಸ ಮಾಡಿಕೊಳ್ಳಬೇಕು. ಅದೂ ಆಗದಿದ್ದರೆ ಚಳಿಗಾಲದ ರೇಸ್ ಹುಡುಕಿ.

ನಡೆಸುವವರು

ಕೆಲವು ವರ್ಷದ ಹಿಂದೆ ಒಂದು ಸಣ್ಣ ರೇಸಿಗೆ ಹೋಗಿದ್ದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಈಜು. ಫೀಸು ಕಡಿಮೆ, ಟೀ ಶರ್ಟ್ ಚೆಂದ. ಅರ್ಧ ದಾರಿಯಲ್ಲಿ ಗಾಳಿ ಎದ್ದು, ತೇಲಿಬಿಟ್ಟಿದ್ದ ಗುರುತು ಸರಿದುಹೋಯಿತು. ಅದಕ್ಕೆ ಕಟ್ಟಿದ ಭಾರ ಸಾಲದಾಗಿತ್ತು. ನಾವೆಲ್ಲ ಅದರ ಹಿಂದೆ ಈಜಿದೆವು. ನನ್ನ ಮುಂದಿದ್ದ ಹುಡುಗಿಗೆ ಕಾಲು ಹಿಡಿದುಕೊಂಡಿತು. ಅವಳು ಕೈ ಎತ್ತಿದಳು. ನೂರು ಜನರಿಗೆ ಇದ್ದದ್ದು ಎರಡು ಕಯಾಕ್, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿ. ಎರಡೂ ಇನ್ನೊಂದು ತುದಿಯಲ್ಲಿದ್ದವು. ನಾನೂ ಮತ್ತೊಬ್ಬರೂ ಅವಳ ಎರಡು ಕಡೆ ಹಿಡಿದು ತೇಲುತ್ತಾ ಕಾದೆವು. ದಂಡೆಗೆ ಬಂದ ಮೇಲೆ ನೋಡಿದರೆ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗುತ್ತಿದ್ದಾರೆ. ನೀರಿಗೆ ಎಷ್ಟು ಜನ ಇಳಿದರು, ಎಷ್ಟು ಜನ ಹೊರಗೆ ಬಂದರು ಅನ್ನುವ ಲೆಕ್ಕ ಅವರ ಹತ್ತಿರ ಇರಲಿಲ್ಲ. ಆ ಹುಡುಗಿ ಚೆನ್ನಾಗಿದ್ದಾಳೆ. ಆದರೆ ಆ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಅಂದಿನಿಂದ ಹೆಸರು ಕೊಡುವ ಮೊದಲು ನಾನೇ ಫೋನ್ ಮಾಡಿ ಕೇಳುತ್ತೇನೆ. ಇಳಿದವರನ್ನೂ ಹತ್ತಿದವರನ್ನೂ ಎಣಿಸುವವರು ಯಾರು, ಹೇಗೆ? ಕಾಲಿಗೆ ಕಟ್ಟುವ ಚಿಪ್ ಇದೆಯಾ? ಎಷ್ಟು ಕಯಾಕ್, ಎಷ್ಟು ಲೈಫ್‌ಗಾರ್ಡ್? ಆಂಬುಲೆನ್ಸ್ ದಂಡೆಯಲ್ಲೇ ನಿಂತಿರುತ್ತದಾ, ಇಲ್ಲ ಕರೆದರೆ ಬರುತ್ತದಾ? ಸೈಕಲ್ ಹೊತ್ತಿಗೆ ರಸ್ತೆ ಬಂದ್ ಇರುತ್ತದಾ, ಇಲ್ಲ ಲಾರಿಗಳ ನಡುವೆ ನಾವೂ ಹೋಗಬೇಕಾ? ಒಳ್ಳೆಯವರು ಈ ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ, ಸಂಖ್ಯೆ ಸಮೇತ ಉತ್ತರ ಕೊಡುತ್ತಾರೆ. "ಎಲ್ಲ ವ್ಯವಸ್ಥೆ ಇದೆ, ನೀವು ಬನ್ನಿ" ಅಂದರೆ ನಾನು ಹೋಗುವುದಿಲ್ಲ.

"ಈಜು ಬರದಿದ್ದರೂ ಪರವಾಗಿಲ್ಲ, ಲೈಫ್ ಜಾಕೆಟ್ ಕೊಡ್ತೀವಿ" ಅನ್ನುವ ರೇಸನ್ನೂ ಬಿಡಿ. ಈಜು ಬರದವರು ನೂರಾರು ಜನ ನೀರಿಗೆ ಇಳಿದರೆ ಇರುವ ಕಯಾಕ್‌ಗಳೆಲ್ಲ ಅವರ ಹಿಂದೆಯೇ ಹೋಗುತ್ತವೆ. ನಿಮಗೆ ಬೇಕಾದಾಗ ಯಾರೂ ಇರುವುದಿಲ್ಲ. ರಸ್ತೆ ಬಂದ್ ಇಲ್ಲದ ರೇಸಿಗೂ ನನ್ನ ಕಡೆಯಿಂದ ಬೇಡ. ಗಂಟೆಗೆ ಮೂವತ್ತು ಕಿ.ಮೀ. ವೇಗದಲ್ಲಿ ಇಳಿಯುವಾಗ ಅಡ್ಡ ಬರುವ ದನ, ನಾಯಿ, ತಿರುವಿನಲ್ಲಿ ನಿಂತ ಟೆಂಪೊ, ಇವಕ್ಕೆ ಯಾವ ತಯಾರಿಯೂ ಸಾಲದು.

ದೊಡ್ಡ ಹೆಸರಿನ ರೇಸಿಗೆ ಫೀಸು ಜಾಸ್ತಿ. ಜೊತೆಗೆ ಸೈಕಲ್ ಸಾಗಿಸುವ ಖರ್ಚು, ಹೋಟೆಲ್, ರಜೆ. ಕೊಟ್ಟ ಫೀಸು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಮುಂದಿನ ವರ್ಷಕ್ಕೆ ವರ್ಗಾಯಿಸುವ ಅವಕಾಶ ಇದೆಯಾ ಅಂತ ದುಡ್ಡು ಕಟ್ಟುವ ಮೊದಲೇ ಓದಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ದುಡ್ಡು ಹೋಗುತ್ತದಲ್ಲ ಅನ್ನುವ ಸಂಕಟಕ್ಕೇ ಜನ ಜ್ವರ ಇದ್ದರೂ ನೀರಿಗೆ ಇಳಿಯುತ್ತಾರೆ. ಹೆಸರು ಕೊಟ್ಟ ಮೇಲೂ ಆಯ್ಕೆ ನಿಮ್ಮದೇ. ರೇಸಿನ ಬೆಳಿಗ್ಗೆ ದಂಡೆಯಲ್ಲಿ ನಿಂತು, ಇವತ್ತು ಬೇಡ ಅಂತ ಸೈಕಲ್ ತಗೊಂಡು ವಾಪಸ್ ಹೋಗಬಹುದು. ವೈರಲ್ ಜ್ವರ ಬಂದು ಎರಡು ವಾರ ಆಗಿಲ್ಲ ಅಂದರೆ ಹಾಗೇ ಮಾಡಿ.

ಅಕ್ಕನ ಮಗನಿಗೆ ಈ ಲೆಕ್ಕ ಎಲ್ಲ ಬರೆದು ವಾಟ್ಸಾಪ್ ಮಾಡಿದೆ. ಎರಡು ದಿನ ಉತ್ತರ ಇಲ್ಲ. ಬೇಜಾರಾಯಿತೇನೋ ಅಂದುಕೊಂಡೆ. ಮೂರನೇ ದಿನ ಫೋನ್ ಬಂತು. ಆಫೀಸಿನ ಆ ಮೂವರಲ್ಲಿ ಒಬ್ಬನ ಅಂಕಿಯನ್ನೂ ಹಾಕಿ ನೋಡಿದ್ದನಂತೆ, ಅವನದು ಎಂಟು ಗಂಟೆ ಮುಕ್ಕಾಲು ಬಂತಂತೆ. ಈಗ ಆ ಮೂವರಲ್ಲಿ ಇಬ್ಬರ ಜೊತೆ ಸೇರಿ ರಿಲೇ ಮಾಡುವ ಯೋಚನೆ. ಸೈಕಲ್ ಅವನ ಪಾಲಿಗೆ. "ಆದ್ರ ಈಜೋದು ಬಿಡೂದಿಲ್ಲ ಮೌಶಿ, ಬರೂ ವರ್ಷಕ್ಕ ಬೇಕು" ಅಂದ.

ಮಳೆ ನಿಂತು ಬೀಚಿನಲ್ಲಿ ಕೆಂಪು ಬಾವುಟ ತೆಗೆದ ಮೇಲೆ ಒಂದು ಭಾನುವಾರ ಬರುತ್ತಾನೆ. ಲೈಫ್‌ಗಾರ್ಡ್‌ಗಳು ಕೆಲಸಕ್ಕೆ ಬರುವ ಹೊತ್ತು ನೋಡಿಕೊಂಡು ಇಳಿಯುತ್ತೇವೆ, ಉಬ್ಬರ ಏರುತ್ತಿರುವಾಗ. ಮೊದಲ ದಿನ ದಂಡೆಯ ಉದ್ದಕ್ಕೇ, ಎದೆಮಟ್ಟದ ನೀರಿನಲ್ಲಿ, ನಾನೂರು ಮೀಟರ್ ಸಾಕು. ಆಮೇಲೆ ಮನೆಗೆ ಬಂದು ಉಪ್ಪಿಟ್ಟು ತಿನ್ನೋಣ ಅಂತ ಹೇಳಿದ್ದೇನೆ.